ನೀನು ಹೆಣೆದ ಸ್ವೆಟರ್

ಅಕ್ಕಾ,

ಹಾಗೆ ಕರೆಯಲು ಈಗ ಮನಸ್ಸಿಲ್ಲ, ಬೇರೆ ಹೆಸರಿನಿಂದ ಕರೆದು ಅಭ್ಯಾಸವಿಲ್ಲ. ಹೇಗೂ ಇದನ್ನು ನಾನು ಕಳಿಸುವುದಿಲ್ಲ.

ನೀನು ನಮ್ಮ ಲ್ಯಾಬ್ ಬಿಟ್ಟು ಹೋದಮೇಲೆ ನಿನ್ನನ್ನು ನೋಡಿದ್ದು ಇವತ್ತೇ, ವೇದಿಕೆಯ ಮೇಲೆ. ಚಳಿಗೆ ಸಿಕ್ಕ ಬ್ಯಾಕ್ಟೀರಿಯಾ ಬದುಕಿಕೊಳ್ಳಲು ಯಾವ ಯಾವ ಪ್ರೋಟೀನು ತಯಾರಿಸುತ್ತದೆ ಎಂದು ಎಷ್ಟು ಚೆನ್ನಾಗಿ ವಿವರಿಸಿದೆ! "ಇದಿಷ್ಟೂ ನಾನೊಬ್ಬಳೇ ಮಾಡಿದ ಕೆಲಸ" ಎಂದೂ ಹೇಳಿದೆ. ಆಮೇಲೆ ಯಂತ್ರ ಗುರುತಿಸಿದ ಪ್ರೋಟೀನುಗಳೆಲ್ಲ ಪರದೆಯ ಮೇಲೆ ಮೂಡಿದವು. ಅವುಗಳ ನಡುವೆ ಕುರಿಯ ಉಣ್ಣೆಯಲ್ಲಿರುವ ಪ್ರೋಟೀನೂ ಒಂದಿತ್ತು.

ಅದು ನನ್ನ ಸ್ಯಾಂಪಲ್, ಅಕ್ಕಾ. ಕೋಲ್ಡ್ ರೂಮಿನಲ್ಲಿ ನಾನು ನಡುಗುವುದನ್ನು ನೋಡಲಾರದೆ ನೀನೇ ಸ್ವೆಟರ್ ಹೆಣೆದು ಕೊಟ್ಟಿದ್ದೆ. ಅದರ ಎಳೆಯೊಂದು ಟ್ಯೂಬಿಗೆ ಬಿದ್ದು ಫಲಿತಾಂಶದಲ್ಲಿ ಉಣ್ಣೆ ಕಂಡ ದಿನ, "ಲೇ, ನಿನ್ನ ಬ್ಯಾಕ್ಟೀರಿಯಾಗೂ ಚಳಿಯಾಗಿ ಸ್ವೆಟರ್ ಹಾಕ್ಕೊಂಡಿದೆ ಕಣೇ!" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿಯೇಬಿಟ್ಟರು: "ಇದರಲ್ಲಿ ಉಣ್ಣೆ ಎಲ್ಲಿಂದ ಬಂತಮ್ಮಾ?"

ಈಗಲಾದರೂ ನನ್ನ ಹೆಸರು ಹೇಳುತ್ತೀಯ ಅಂದುಕೊಂಡೆ.

"ಯಾರೋ ಹೊಸಬರು ಮಾಡಿದ ಎಡವಟ್ಟು ಸಾರ್" ಎಂದೆ ನೀನು, ನಗುನಗುತ್ತಲೇ.

ಕೆಲಸವೆಲ್ಲ ನಿನ್ನದಂತೆ, ಎಡವಟ್ಟು ಮಾತ್ರ ಯಾರದೋ ಅಂತೆ. ಸಭೆ ಗೊಳ್ಳೆಂದು ನಕ್ಕಿತು. ಕೊನೆಯ ಸಾಲಿನಲ್ಲಿ ನಾನು ಕೂತಿದ್ದೆ. ಮೈಮೇಲೆ ಅದೇ ಸ್ವೆಟರ್ ಇತ್ತು. ನೋಡಿದರೆ ನಿನಗೆ ಖುಷಿಯಾಗುತ್ತದೆಂದು ಬೆಳಗ್ಗೆ ಬೀರುವೆಲ್ಲ ತಡಕಾಡಿ ಹಾಕಿಕೊಂಡು ಬಂದಿದ್ದೆ.