ದಮ್ಮು ನನ್ನದು, ಪ್ರಶ್ನೆ ನನ್ನ ಗಂಡನಿಗೆ

ವಿಜಾಪುರ, ಜೂನ್ ೧೯೭೪

ಜಿಲ್ಲೆಯ ಜನರ ಆರೋಗ್ಯದ ಹೊಣೆ ಹೊತ್ತ ಅಧಿಕಾರಿಗಳಾದ ಮಾನ್ಯರೇ,

ನಿಮ್ಮ ಕೈಕೆಳಗಿನ ಡಾಕ್ಟರರೊಬ್ಬರು ನನ್ನ ಉಸಿರುಕಟ್ಟುವ ದಮ್ಮಿನ ರೋಗ ಬಿಡಿಸಲಾಗದೆ ನನ್ನ ನೌಕರಿ ಬಿಡಿಸಿದ್ದಾರೆ. ಅದೂ ನನ್ನನ್ನು ಒಂದು ಮಾತೂ ಕೇಳದೆ. ಈ ಪತ್ರವನ್ನು ಲಕೋಟೆಯಲ್ಲಿಟ್ಟು ನಿಮ್ಮ ಕಚೇರಿಗೇ ಕಳಿಸಬಹುದಿತ್ತು. ಆದರೆ ಅಂಥ ಪತ್ರಗಳು ಅಲ್ಲಿ ಎಷ್ಟು ನೆಮ್ಮದಿಯಾಗಿ ಮಲಗುತ್ತವೆಂಬುದು ಊರಿಗೆಲ್ಲ ಗೊತ್ತು. ಅದಕ್ಕೇ ಪತ್ರಿಕೆಯಲ್ಲಿ, ಎಲ್ಲರೆದುರಿಗೆ ಬರೆಯುತ್ತಿದ್ದೇನೆ. ಡಾಕ್ಟರರ ಹೆಸರನ್ನಾಗಲಿ ದವಾಖಾನೆಯ ಹೆಸರನ್ನಾಗಲಿ ಹೇಳುವುದಿಲ್ಲ. ಹೇಳಿದರೆ ನೀವು ಅವರೊಬ್ಬರನ್ನು ಬೇರೆ ಊರಿಗೆ ವರ್ಗ ಮಾಡಿ ಕೈ ತೊಳೆದುಕೊಳ್ಳುತ್ತೀರಿ. ಅವರು ಅಲ್ಲಿಯೂ ಹೆಂಗಸರ ಎದೆಯ ಸಂಗತಿಯನ್ನು ಗಂಡಸರ ಬಾಯಿಂದಲೇ ಕೇಳಿ ತಿಳಿದುಕೊಳ್ಳುತ್ತಾರೆ.

ನಾನು ತಿಕೋಟಾದ ಒಂದು ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಕಲಿಸುವವಳು. ಮನೆ ಇರುವುದು ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ನನ್ನ ಗಂಡ ದಾದಾಸಾಬ ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುತ್ತಾರೆ. ಮನೆಯ ಪಡಸಾಲೆಯೇ ಅವರ ಅಂಗಡಿ. ಹೋದ ದೀಪಾವಳಿ ರಜೆಯಲ್ಲಿ ನನಗೆ ಮೊದಲ ಸಲ ದಮ್ಮು ಎದ್ದಿತು. ಒಳಗೆ ಹೋದ ಉಸಿರು ಹೊರಗೆ ಬರಲು ಒಲ್ಲೆನ್ನುತ್ತದೆ, ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ಗಂಡ ಗಾಬರಿಯಾಗಿ ದವಾಖಾನೆಗೆ ಕರೆದೊಯ್ದರು. ಡಾಕ್ಟರರು ಸೂಜಿ ಮಾಡಿದರು, ಉಸಿರು ತಿರುಗಿ ಬಂತು. ಆ ಸೂಜಿಗೆ ನಾನು ಋಣಿ, ಇದರಲ್ಲಿ ವ್ಯಂಗ್ಯವಿಲ್ಲ.

ಸೂಜಿಯಾದ ಮೇಲೆ ವಿಚಾರಣೆ. ನಾನು ಸ್ಟೂಲಿನ ಮೇಲೆ, ಗಂಡ ನನ್ನ ಬೆನ್ನ ಹಿಂದೆ. ಪ್ರಶ್ನೆಗಳೆಲ್ಲ ನನ್ನ ತಲೆಯ ಮೇಲಿನಿಂದ ಹಾದುಹೋದವು. ಇವರಿಗೆ ನಿದ್ದೆ ಬರುತ್ತದೆಯೇ ಎಂದು ಕೇಳಿದರು, ಹಸಿವೆ ಆಗುತ್ತದೆಯೇ ಎಂದು ಕೇಳಿದರು. ನನ್ನ ಹಸಿವೆಯ ಸಮಾಚಾರವನ್ನೂ ನನ್ನ ಗಂಡನೇ ಹೇಳಬೇಕಾಯಿತು. ಡಾಕ್ಟರರು ನನಗೆಂದೇ ಆಡಿದ ಮಾತು "ಉಸರ ತಗೋರಿ" ಎಂಬುದೊಂದೇ. ಅದು ಆಗದ್ದಕ್ಕೇ ಅಲ್ಲವೇ ನಾನು ಅಲ್ಲಿಗೆ ಹೋದದ್ದು?

ಏನು ಕೆಲಸ ಮಾಡುತ್ತಾರೆಂದು ಕೇಳಿದರು. ಮಾಸ್ತರಕಿ ಎಂದರು ಗಂಡ. ಅಲ್ಲಿಗೆ ರೋಗ ಸಿಕ್ಕಿಬಿಟ್ಟಿತು. "ಹಲಗಿ ಮ್ಯಾಲ ಬರಿಯೋ ಖಡುವಿನ ಧೂಳಿಂದ ಆಗೇತಿ ಇದು. ಸಾಲಿ ಬಿಡಸ್ರಿ ದಾದಾಸಾಬ, ಮನ್ಯಾಗ ಇದ್ರ ಆರಾಮ ಆಗ್ತಾರ" ಎಂದರು. ಉಳಿದ ಹೊತ್ತೆಲ್ಲ ಡಾಕ್ಟರರ ಮನೆಯ ಹಳೆಯ ಗಾದಿಗಳ ಮಾತು. ಅವು ಚಪ್ಪಟೆಯಾಗಿವೆಯಂತೆ, ಬಿಚ್ಚಿ ಹಿಂಜಿ ಮತ್ತೆ ತುಂಬಿಕೊಡಬೇಕಂತೆ. ಗಾದಿಗೆ ಏನಾಗಿದೆ, ಎಲ್ಲಿ ಗಂಟು ಕಟ್ಟಿದೆ ಎಂಬುದನ್ನು ಅವರು ಎಷ್ಟು ಕಾಳಜಿಯಿಂದ ವಿವರಿಸಿದರೆಂದರೆ, ಆ ಹೊತ್ತು ನಾನೂ ಒಂದು ಗಾದಿಯಾಗಿದ್ದರೆ ಚೆನ್ನಾಗಿತ್ತು ಅನಿಸಿತು.

ಮಾನ್ಯರೇ, ನನ್ನನ್ನು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಗೊತ್ತೇ? ಅವರು ಬಿಡಿಸಿರೆಂದ ಮೇಲೂ ಬೇಸಿಗೆಯವರೆಗೆ ನಾನು ಶಾಲೆಗೆ ಹೋದೆ, ಅಲ್ಲಿ ಕರಿಹಲಗೆ ಒರೆಸುವಾಗ ನನಗೆ ಒಂದು ದಿನವೂ ದಮ್ಮು ಎದ್ದಿಲ್ಲ. ತಿಕೋಟಾದ ಬಸ್ಸು ಹತ್ತಿದರೆ ಎದೆ ಹಗುರಾಗುತ್ತದೆ, ಸಂಜೆ ಪಡಸಾಲೆ ದಾಟುವಾಗ ಬಿಗಿಯುತ್ತದೆ. ಬೇಸಿಗೆ ರಜೆ ಎಂದರೆ ಮದುವೆಯ ಕಾಲ. ಅರ್ಧ ಊರಿನ ಹಳೆಯ ಗಾದಿಗಳು ನಮ್ಮ ಪಡಸಾಲೆಗೆ ಬಂದು ಬೀಳುತ್ತವೆ. ಈ ಸಲದ ರಜೆಯಲ್ಲಿ ನಾನು ಎದ್ದದ್ದಕ್ಕಿಂತ ಮಲಗಿದ್ದೇ ಹೆಚ್ಚು. ಖಡುವಿನಿಂದ ಬರುವ ದಮ್ಮು ಶಾಲೆ ಮುಚ್ಚಿದಾಗ ಹೆಚ್ಚಾಗುವುದುಂಟೇ? ನಡುವೆ ಬಬಲೇಶ್ವರದಲ್ಲಿರುವ ನನ್ನ ಅಕ್ಕ ಮದೀನಾಬಿ ಬಂದು ತನ್ನ ಮನೆಗೆ ಕರೆದೊಯ್ದಳು. ಅಲ್ಲಿ ಮಾಳಿಗೆ ಹತ್ತಿ ಇಳಿದೆ, ರೊಟ್ಟಿ ಬಡಿದೆ, ಜೋರಾಗಿ ನಕ್ಕೆ. ತಿರುಗಿ ಬಂದ ಮಧ್ಯಾಹ್ನವೇ ಪಡಸಾಲೆಯಲ್ಲಿ ಕುಸಿದು ಕೂತೆ. ಆಗ ಹಿಂಜುವ ಬಿಲ್ಲಿಗೆ ಸಿಕ್ಕಿದ್ದು ಯಾರ ಗಾದಿಯ ಹತ್ತಿ ಎಂದು ಬಲ್ಲಿರಾ? ನಿಮ್ಮ ಡಾಕ್ಟರರದೇ.

ಇದನ್ನೆಲ್ಲ ಮತ್ತೆ ದವಾಖಾನೆಗೆ ಹೋಗಿ ಹೇಳಿದೆ. ಡಾಕ್ಟರರು ಪೂರ್ತಿ ಕೇಳಲಿಲ್ಲ. ನನ್ನ ಗಂಡನತ್ತ ತಿರುಗಿ, "ಇವರು ಭಾಳ ವಿಚಾರ ಮಾಡ್ತಾರ. ವಿಚಾರ ಹೆಚ್ಚಾದ್ರೂ ದಮ್ಮ ಏಳತೈತಿ" ಎಂದು ನಿದ್ದೆಯ ಗುಳಿಗೆ ಬರೆದರು. ಜೊತೆಗೆ, ನಾನು ಮಾಸ್ತರಕಿಗೆ ತಕ್ಕವಳಲ್ಲ ಎಂದು ಒಂದು ಚೀಟಿಯನ್ನೂ ಕೊಟ್ಟರು. ಗಂಡ ಅದನ್ನು ಶಿಕ್ಷಣ ಕಚೇರಿಗೆ ಮುಟ್ಟಿಸಿದರು. ಈಗ ಶಾಲೆ ತೆರೆದಿದೆ, ಗುಣವಾಗುವವರೆಗೆ ಮನೆಯಲ್ಲಿರಬೇಕೆಂದು ನನಗೆ ಅಪ್ಪಣೆಯಾಗಿದೆ. ನನಗೆ ರೋಗ ಹತ್ತಿಸುವ ಜಾಗ ಯಾವುದೋ ಅಲ್ಲಿಯೇ ನಾನು ಗುಣವಾಗಬೇಕು.

ನನ್ನ ಗಂಡ ಕೆಟ್ಟವರಲ್ಲ. ದಮ್ಮು ಎದ್ದಾಗ ತಮ್ಮ ಕೈ ಸೋಲುವತನಕ ನನ್ನ ಬೆನ್ನು ತಿಕ್ಕುತ್ತಾರೆ. ಹಿತ್ತಲಲ್ಲಿ ನಮ್ಮದೇ ಒಂದು ತಗಡಿನ ಶೆಡ್ಡು ಇದೆ, ಕಟ್ಟಿಗೆ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಬಿಲ್ಲನ್ನೂ ಹತ್ತಿಯನ್ನೂ ಅಲ್ಲಿಗೆ ಒಯ್ಯಿರಿ ಎಂದು ಎಷ್ಟು ಸಲ ಬೇಡಿಕೊಂಡೆನೋ. ಮೊನ್ನೆ ಅವರು ಅಂದದ್ದು ಇಷ್ಟು: "ಹತ್ತಿಯಿಂದ ಅಂತ ಡಾಕ್ಟರ್ ಹೇಳ್ಯಾರೇನು? ಅವರು ಒಂದು ಮಾತು ಹೇಳ್ಲಿ, ಇವತ್ತ ಒಯ್ಯತೀನಿ."

ನೋಡಿದಿರಾ? ನನ್ನ ಮನೆಯಲ್ಲಿ, ನನ್ನ ಎದೆಯ ವಿಷಯದಲ್ಲಿ, ನನ್ನ ಮಾತಿಗಿಲ್ಲದ ಬೆಲೆ ನಿಮ್ಮ ಡಾಕ್ಟರರ ಮಾತಿಗಿದೆ. ಈ ಅಧಿಕಾರವನ್ನು ಅವರಿಗೆ ಯಾವ ಸರಕಾರವೂ ಕೊಟ್ಟದ್ದಲ್ಲ, ನನ್ನ ಗಂಡನಂಥ ನಂಬಿದ ಜನ ಕೊಟ್ಟದ್ದು. ಒಂದೇ ಮಾತಿನಿಂದ ನನ್ನನ್ನು ಶಾಲೆಯಿಂದ ಹೊರಗೆ ಹಾಕಿದವರು, ಇನ್ನೊಂದು ಮಾತಿನಿಂದ ಹತ್ತಿಯನ್ನು ಪಡಸಾಲೆಯಿಂದ ಹೊರಗೆ ಹಾಕಬಹುದಿತ್ತು. ಮನೆಯಲ್ಲಿ ಏನು ಕಸಬು ನಡೆಯುತ್ತದೆಂದು ಕೇಳುವ ಕಷ್ಟವೂ ಅವರಿಗಿರಲಿಲ್ಲ. ಆ ಕಸಬಿನವರಿಗೆ ಗಾದಿಯ ಕೆಲಸ ಕೊಟ್ಟವರೇ ಅವರು! ನನಗೆ ಸಿಟ್ಟು ಬಂದಿದೆ, ಮಾನ್ಯರೇ. ಅದನ್ನು ವಿನಯದಲ್ಲಿ ಮುಚ್ಚಿಡುವ ಇಚ್ಛೆ ನನಗಿಲ್ಲ.

ಆ ಚೀಟಿಯನ್ನು ರದ್ದು ಮಾಡಿಸಿ. ಡಾಕ್ಟರರು ನನ್ನನ್ನು ಎದುರಿಗೆ ಕೂಡಿಸಿಕೊಂಡು ನನ್ನಿಂದಲೇ ಕೇಳಿ ತಿಳಿದು, ಆಮೇಲೆ ಹೊಸದನ್ನು ಬರೆಯಲಿ. ಶೆಡ್ಡಿನ ಮಾತನ್ನೂ ನನ್ನ ಗಂಡನಿಗೆ ತಮ್ಮ ಬಾಯಿಂದಲೇ ಹೇಳಲಿ. ನಿಮ್ಮ ದವಾಖಾನೆಗಳಲ್ಲೆಲ್ಲ, ಉಸಿರು ಕಟ್ಟಿದ್ದು ಯಾರಿಗೋ ಮೊದಲು ಅವರನ್ನೇ ಕೇಳಬೇಕೆಂದು ಹುಕುಂ ಹೊರಡಿಸಿ. ಇದಕ್ಕೆ ಹೊಸ ಯಂತ್ರ ಬೇಡ, ಬೊಂಬಾಯಿಯಿಂದ ಔಷಧವನ್ನೂ ತರಿಸಬೇಕಿಲ್ಲ.

ನಿಮ್ಮ ಉತ್ತರಕ್ಕಾಗಿ ನಾನಂತೂ ಕಾಯುವುದಿಲ್ಲ. ಸೋಮವಾರ ಬೆಳಿಗ್ಗೆ ತಿಕೋಟಾದ ಬಸ್ಸು ಹತ್ತುತ್ತೇನೆ. ಒಳಗೆ ಬಿಡದಿದ್ದರೆ ಶಾಲೆಯ ಕಟ್ಟೆಯ ಮೇಲೆ ಕೂತು ಕಲಿಸುತ್ತೇನೆ. ಅಲ್ಲಿ ನನಗೆ ಉಸಿರು ಬರುತ್ತದೆ. ನನ್ನ ದಮ್ಮಿನ ಬಗ್ಗೆ ನಿಮಗಾಗಲಿ ನಿಮ್ಮ ಡಾಕ್ಟರರಿಗಾಗಲಿ ಏನಾದರೂ ತಿಳಿಯಬೇಕೆನಿಸಿದರೆ ಅಲ್ಲಿಗೆ ಬನ್ನಿ. ನನ್ನ ಗಂಡ ಅಲ್ಲಿರುವುದಿಲ್ಲ. ನನ್ನನ್ನೇ ಕೇಳಬೇಕಾಗುತ್ತದೆ.

ಇಂತಿ,
ಸದ್ಯಕ್ಕೆ ನಿಮ್ಮ ಇಲಾಖೆಯ ಸಲಹೆಯಂತೆ ಹತ್ತಿಯ ಧೂಳಿನಲ್ಲಿ ಆರೋಗ್ಯ ಸುಧಾರಿಸಿಕೊಳ್ಳುತ್ತಿರುವ,
ಜುಲೇಖಾ ದಾದಾಸಾಬ ನದಾಫ