ಇಳಿಸದ ಕೈ

ಅಕ್ಕಾ,

ನೀನು ಹೋಗಿ ವರ್ಷವಾಯಿತು. ಆದರೂ ನಿನ್ನೆಯ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಟಿವಿಯಲ್ಲಿ ಸಿನಿಮಾ ಪ್ರಶಸ್ತಿ ಸಮಾರಂಭ ಬಂದರೆ ನೀನು ಹೊಲಿಗೆ ಮಿಷನ್ ನಿಲ್ಲಿಸಿ ಕೂರುತ್ತಿದ್ದೆ. "ತನ್ನ ಜೋಕಿಗೆ ತಾನೇ ನಗೋನು ಎಂಥಾ ನಿರೂಪಕನೋ," ಎಂದು ಶುರುವಾದರೆ, ಸಮಯ ಮೀರಿತೆಂದು ಗೆದ್ದವರ ಮಾತಿನ ಮೇಲೆ ವಾದ್ಯ ಬಾರಿಸಿ ಬಾಯಿ ಮುಚ್ಚಿಸುವ ಸಂಗೀತ ನಿರ್ದೇಶಕನನ್ನೂ ಬಿಡುತ್ತಿರಲಿಲ್ಲ. "ಪಾಪ, ಅವಳು ಅಮ್ಮನ ಹೆಸರು ಹೇಳೋಷ್ಟು ಹೊತ್ತೂ ತಡ್ಕೊಳ್ಳೋಕಾಗಲ್ವಾ ಇವನಿಗೆ?" ನನಗೆ ಪಿಟೀಲು ಕೊಡಿಸಿದ್ದು ಅದೇ ಮಿಷನ್. ಕೊನೆಗೆ ನಾನು ಸೇರಿದ್ದು ನೀನು ಬೈಯುತ್ತಿದ್ದ ಆ ಸಂಗೀತ ನಿರ್ದೇಶಕನ ಕೆಲಸಕ್ಕೇ.

ನಿನ್ನೆ ವಸ್ತ್ರವಿನ್ಯಾಸದ ಪ್ರಶಸ್ತಿ ವಯಸ್ಸಾದ ಟೈಲರಮ್ಮ ಒಬ್ಬರಿಗೆ ಬಂತು. ಮಾತಿಗೆ ಕೊಟ್ಟ ನಲವತ್ತೈದು ಸೆಕೆಂಡು ಮುಗಿದು ಕೆಂಪು ದೀಪ ಹತ್ತಿದರೂ ಅವರ ಮಾತು ಮುಗಿದಿರಲಿಲ್ಲ. ಹೆಡ್‌ಫೋನಿನಲ್ಲಿ ಪ್ರೊಡ್ಯೂಸರ್, "ಶುರು ಮಾಡಿ ಸಾರ್," ಎಂದ. ನಾನು ಕೈ ಎತ್ತಿದೆ. ಇಳಿಸಿದರೆ ಹದಿನಾರು ಪಿಟೀಲು ಒಟ್ಟಿಗೆ ಶುರು.

"ನಮ್ಮಕ್ಕ ಕತ್ತರಿಸಿ ಕೊಡೋಳು, ನಾನು ಹೊಲಿಯೋಳು," ಎಂದರು ಟೈಲರಮ್ಮ.

ನನ್ನ ಕೈ ಮೇಲೆಯೇ ನಿಂತಿತು. ಅವರನ್ನು ಕರೆದೊಯ್ಯಲು ಬಂದ ನಿರೂಪಕ ನನ್ನತ್ತ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ನೀನಿದ್ದಿದ್ದರೆ ಅವನು ನಿನಗೆ ಹಿಡಿಸುತ್ತಿದ್ದ. ಅವರ ಅಕ್ಕನ ಕಥೆ ಪೂರ್ತಿ ಮುಗಿದ ಮೇಲೆಯೇ ನಾವು ಬಾರಿಸಿದ್ದು. ಪ್ರೊಡ್ಯೂಸರ್ ಬಾಯಿಗೆ ಬಂದಂತೆ ಬೈದ. ಬೈಯಲಿ, ಇದು ನೀನು ಕಲಿಸಿದ ಕೆಲಸ.

ಎರಡು ವರ್ಷದ ಹಿಂದೆ ಅದೇ ವೇದಿಕೆಯಲ್ಲಿ ಸಿನಿಮಾ ಸಂಗೀತಕ್ಕೆ ನನಗೆ ಪ್ರಶಸ್ತಿ ಬಂದಾಗ, ನಿರ್ಮಾಪಕರಿಂದ ಹಿಡಿದು ಕಾರಿನ ಡ್ರೈವರ್‌ವರೆಗೆ ಎಲ್ಲರನ್ನೂ ನೆನೆದೆ. ನೀನು ಫೋನ್ ಮಾಡಿ, "ಚೊಕ್ಕವಾಗಿ ಮಾತಾಡ್ದೆ ಕಣೋ, ಸಂಗೀತ ಹಾಕೋಕೆ ಮುಂಚೇನೇ ಮುಗಿಸ್ಬಿಟ್ಟೆ," ಎಂದೆ.

ಹೌದು ಅಕ್ಕಾ. ನಿನ್ನ ಹೆಸರು ಹೇಳಲು ಇನ್ನೂ ಹನ್ನೆರಡು ಸೆಕೆಂಡು ಉಳಿದಿತ್ತು.