ಬಾಲದ ಪುಟ್ಟ ಪಟ್ಟಿ

ಕೇಶವ,

ನಿನ್ನ ಮಗಳು ತನುಜ ಮೇಲಿದ್ದಾಳೆ. ನೀನು ಆರು ವರ್ಷ ಒಂದೊಂದೇ ಭಾಗ ಜೋಡಿಸಿದ ವಿಮಾನದಲ್ಲಿ, ಒಬ್ಬಳೇ. ಗೌರಿಬಿದನೂರಿನಾಚೆಯ ನಿನ್ನ ಶೆಡ್ಡಿನ ಮುಂದೆ ಕೂತು, ಎದ್ದು, ಮತ್ತೆ ಕೂತು ಇದನ್ನು ಡೈರಿಯಲ್ಲಿ ಬರೆಯುತ್ತಿದ್ದೇನೆ. ಕತ್ತೆತ್ತಿ ನೋಡಲು ಧೈರ್ಯವಿಲ್ಲ. ಸದ್ದು ಮಾತ್ರ ಕೇಳಿಸಿಕೊಳ್ಳುತ್ತಿದ್ದೇನೆ.

ನೀನು ಹೋದಾಗ ಉಳಿದಿದ್ದ ಕೆಲಸ ಟ್ರಿಮ್ ಒಂದೇ. ಬಾಲದ ರೆಕ್ಕೆಯ ಅಂಚಿಗೆ ಅಂಗೈಯಗಲದ ಪಟ್ಟಿ, ಅದನ್ನು ಅಲುಗಿಸಲು ಬೆಂಕಿಪೊಟ್ಟಣದಷ್ಟು ಮೋಟರು, ಹಿಡಿದು ಹಾರಿಸುವ ಸ್ಟಿಕ್ಕಿನ ಮೇಲೆ ಒಂದು ಗುಂಡಿ. ಅದಿದ್ದರೆ ಹಾರಿಸುವವರು ಸ್ಟಿಕ್ಕನ್ನು ಸದಾ ಬಲವಾಗಿ ಎಳೆದು ಹಿಡಿಯಬೇಕಿಲ್ಲ ಎಂದು ನೀನೇ ಹೇಳಿದ್ದೆ. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ರೀಲಿಂಗ್ ಯಂತ್ರಗಳ ಮೋಟರು ಸುತ್ತಿದವನು ನಾನು. "ಇದೊಂದು ನೀವೇ ಮುಗಿಸಿಕೊಡಿ ರವಣ ಮಾವ, ಬೇರೆಯವರ ಕೈ ಬೇಡ" ಎಂದು ತನುಜ ಕೇಳಿದಾಗ ಒಪ್ಪಿಕೊಂಡೆ. ನಿನ್ನ ನಕ್ಷೆಯ ಪ್ರಕಾರ ವೈರ್ ಎಳೆದೆ. ಹೋದ ಭಾನುವಾರ ಅವಳು ಪರೀಕ್ಷಿಸಿ, ಸರಿ ಎಂದು ಗುರುತು ಹಾಕಿ ಹೋದಳು.

ಅವಳು ಹೋದ ಮೇಲೆ ನಾನೊಮ್ಮೆ ಗುಂಡಿ ಒತ್ತಿ ನೋಡಿದೆ. 'ಮೂಗು ಮೇಲೆ' ಎಂದು ಬರೆದ ಕಡೆ ಒತ್ತಿದರೆ ಪಟ್ಟಿ ಕೆಳಕ್ಕೆ ಬಾಗಿತು. ನಮ್ಮ ಕಸುಬಿನಲ್ಲಿ ಮೋಟರು ಉಲ್ಟಾ ತಿರುಗಿದರೆ ಯೋಚಿಸುವುದಿಲ್ಲ, ವೈರ್ ಅದಲುಬದಲು ಮಾಡುತ್ತೇವೆ. ಮಾಡಿಬಿಟ್ಟೆ. ಯಾರಿಗೂ ಹೇಳಲಿಲ್ಲ. ವಿಮಾನ ಕಾರ್ಖಾನೆಯಲ್ಲಿ ದುಡಿದ ನಿನ್ನ ತಪ್ಪನ್ನೇ ತಿದ್ದಿದೆನಲ್ಲ ಎಂದು ಒಳಗೊಳಗೇ ಹೆಮ್ಮೆ.

ಇವತ್ತು ಬೆಳಿಗ್ಗೆ ಅವಳ ಹಾರಾಟ ನೋಡಲು ಬರುತ್ತಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ನಿನ್ನ ವೈಕುಂಠ ಸಮಾರಾಧನೆಯ ಕಾರ್ಡ್ ಇನ್ನೂ ಜೇಬಿನಲ್ಲೇ ಇದೆ. ಎಸೆಯಲು ಮನಸ್ಸಿಲ್ಲ, ಓದಲೂ ಮನಸ್ಸಿಲ್ಲ. ಸುಮ್ಮನೆ ಅದರ ತುದಿ ಮಡಿಸುತ್ತಾ ಕೈ ಹೊರಗೆ ಚಾಚಿದೆ. ಕೆಳಕ್ಕೆ ಮಡಿಸಿದ ತುದಿಗೆ ಗಾಳಿ ಬಡಿದು ಇಡೀ ಕಾರ್ಡು ಮೇಲಕ್ಕೆದ್ದಿತು.

ಹಿಂದೊಮ್ಮೆ ಚಿಂತಾಮಣಿಗೆ ಹೋಗುವಾಗ ನೀನು ನಿನ್ನ ಸ್ಕೂಟರಿನ ಹಿಂದೆ ಕೂರಿಸಿ ನನ್ನ ಕೈಗೆ ರಟ್ಟು ಕೊಟ್ಟು ಇದನ್ನೇ ತೋರಿಸಿದ್ದೆ. "ಏಮ್ರಾ ರವಣ, ನೂಲು ಬಿಚ್ಚೋ ಮಿಷನ್ ಅಂದ್ಕೊಂಡ್ಯಾ? ಪಟ್ಟಿ ಕೆಳಗೆ ಹೋದ್ರೆ ಬಾಲದ ರೆಕ್ಕೆ ಮೇಲೇಳ್ತದೆ. ಆ ರೆಕ್ಕೆ ಎದ್ರೆ ಗಾಳಿ ಬಡಿದು ಬಾಲ ಇಳೀತದೆ, ಮೂಗು ಏಳ್ತದೆ. ತಲೇಲಿ ಇಟ್ಕೊ ಕಣೋ!" ಇಟ್ಟುಕೊಂಡಿರಲಿಲ್ಲ ಕೇಶವ. ಪಟ್ಟಿ ಕೆಳಕ್ಕೆ ಬಾಗಿದ್ದೇ ಸರಿಯಿತ್ತು, ಕೆಡಿಸಿದವನು ನಾನು.

ತನುಜಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದು, ಮುಂದಿನ ಬಸ್ಸಿಗೆ ಕಾಯಲಾರದೆ ಆಟೋ ಹತ್ತಿದೆ. ಶೆಡ್ಡಿನ ಮುಂದಿನ ಬಯಲಿಗೆ ಬರುವಷ್ಟರಲ್ಲಿ ಎಂಜಿನ್ ಶುರುವಾಗಿತ್ತು. ಟವಲ್ ಬೀಸುತ್ತಾ ಎದುರಿಗೇ ಓಡಿದೆ. ನಾನು ಬರದಿದ್ದರೂ ಹೊರಡುವ ಮುನ್ನ ಅವಳು ಇನ್ನೊಮ್ಮೆ ಪಟ್ಟಿ ನೋಡುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಎಂಜಿನ್ ನಿಲ್ಲಿಸಿ ಇಳಿದಳು. ಮಾಡಿದ್ದೆಲ್ಲ ಹೇಳಿದೆ. ಬೈಯುತ್ತಾಳೆ, ಇನ್ನು ವಿಮಾನ ಮುಟ್ಟಬೇಡಿ ಎನ್ನುತ್ತಾಳೆ ಎಂದುಕೊಂಡೆ. ಅವಳು ಶೆಡ್ಡಿಗೆ ಹೋದಳು. ಸ್ಕ್ರೂಡ್ರೈವರ್ ತಂದು ನನ್ನ ಕೈಯಲ್ಲೇ ಇಟ್ಟಳು. "ವೈರ್ ಮೊದಲಿನಂಗೆ ನೀವೇ ಹಾಕಿ ಮಾವ. ನಾನು ಗುಂಡಿ ಒತ್ತುತೀನಿ, ನೀವು ಪಟ್ಟಿ ನೋಡಿ ಕೂಗಿ. ಇನ್ಮೇಲೆ ಹೇಳ್ದೆ ಏನೂ ಮಾಡಬೇಡ್ರಪ್ಪ" ಎಂದಳು. ಹಾಕುವಾಗ ಸ್ಕ್ರೂ ಎರಡು ಸಲ ಹುಲ್ಲಿಗೆ ಬಿತ್ತು. ಹತ್ತು ಸಲ ಒತ್ತಿಸಿದೆ. ಹತ್ತು ಸಲವೂ ಕೂಗಿದೆ. ಆಮೇಲೆಯೇ ಅವಳು ಹಾರಿದ್ದು.

ಈಗ ಸದ್ದು ಹತ್ತಿರವಾಯಿತು. ಇಲ್ಲಿಗೆ ನಿಲ್ಲಿಸುತ್ತೇನೆ.

ಇಳಿದಳು ಕಣೋ. ಗಾಜಿನ ಮುಚ್ಚಳ ತೆಗೆದು, "ಮಾವ, ಸ್ಟಿಕ್ಕಿಂದ ಎರಡೂ ಕೈ ಬಿಟ್ಟು ತೊಡೆ ಮೇಲಿಟ್ಕೊಂಡೆ. ನೆಟ್ಟಗೆ ಹೋಯ್ತು!" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಎರಡೂ ಕೈ ಯಾಕಮ್ಮ ಬಿಡೋಕೆ ಹೋದೆ? ಒಂದು ಬಿಟ್ಟಿದ್ರೆ ಸಾಲ್ತಿರ್ಲಿಲ್ವ?" ಎಂದು ಬೈದು, ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. ನೀನು ಹೋದ ದಿನವೂ ಅತ್ತಿರಲಿಲ್ಲ.

ಈಗ ಎರಡನೇ ಸಲ ಹೊರಟಿದ್ದಾಳೆ. ಈ ಸಲ ಕತ್ತೆತ್ತಿ ನೋಡಬೇಕು. ನೀನಿರುವ ಕಡೆ ಗಾಳಿ ಹಿತವಾಗಿರಲಿ ಕೇಶವ. ಅವಳ ಮೇಲೆ ಒಂದು ಕಣ್ಣಿರಲಿ, ನನ್ನ ಕೈ ಮೇಲೆ ಇನ್ನೊಂದು.

ನಿನ್ನ
ವೆಂಕಟರವಣಪ್ಪ